ಗುಹೆಯಲ್ಲಿ ಮಾತ್ರ ಕುಡಿಯುವ ಮಗು

ನನ್ನ ಎದೆಹಾಲು ಬತ್ತಿದಾಗ ಅತ್ತೆ ಕಿನುಯೆ ನನ್ನನ್ನೂ ಮಗು ತೋಮಾನನ್ನೂ ಹ್ಯೂಗಾ ಕಡಲದಂಡೆಯ ಗುಹೆಗುಡಿಗೆ ಕರೆದೊಯ್ದರು. ಹೆತ್ತ ಕೂಸನ್ನು ಬಿಟ್ಟು ನೀರಿಗೆ ಮರಳಿದ ಸಮುದ್ರರಾಜನ ಮಗಳು ಅದು ಕುಡಿಯಲೆಂದು ತನ್ನ ಮೊಲೆಗಳನ್ನು ಅಲ್ಲಿಯ ಬಂಡೆಯಲ್ಲಿ ಉಳಿಸಿ ಹೋದಳಂತೆ. ಗುಹೆ ಕೊರೆಯುವಷ್ಟು ತಣ್ಣಗಿತ್ತು. ಬಂಡೆಯಿಂದ ತೊಟ್ಟಿಕ್ಕುವ ನೀರು ಮಾತ್ರ ಮೈಯಷ್ಟು ಬೆಚ್ಚಗಿತ್ತು. ಅದನ್ನು ಮೊಲೆಗೆ ಹಚ್ಚಿಕೊಂಡು ಮಗುವನ್ನು ಎದೆಗಿಟ್ಟೆ. ಗಟಗಟ ಕುಡಿಯಿತು.

"ಅಪ್ಪನ ಹಾಗೇ ಹೊಟ್ಟೆಬಾಕ," ಎಂದು ಅತ್ತೆ ನಕ್ಕರು.

ಗುಹೆಯಿಂದ ಹೊರಬಂದೊಡನೆ ಮಗು ಬಾಯಿ ಬಿಗಿಹಿಡಿಯಿತು. ಬಾಟಲಿ ಹಾಲನ್ನೂ ಉಗುಳಿತು. ಒಳಗೆ ಹೋದರೆ ಮತ್ತೆ ಗಟಗಟ.

"ಮನೆಗೆ ಯಾವಾಗ್ ಬರ್ತೀಯೇ?" ಅನ್ನದುಂಡೆ ತಂದಾಗಲೆಲ್ಲ ಗಂಡ ಕೇಳುತ್ತಾರೆ.

"ಇವನು ಬಿಟ್ಟಾಗ ರೀ."

ಅರ್ಚಕರು ಕೊಟ್ಟ ಚಾಪೆಯ ಮೇಲೆ ಇಂದಿಗೆ ನಲವತ್ತು ದಿನ. ಮಗು ದುಂಡಗಾಗಿದೆ. ನಿನ್ನೆ ಸೂಲಗಿತ್ತಿ ಬಂದು ನನ್ನ ಎದೆಯನ್ನು ಎರಡು ಸಲ ಹಿಂಡಿ ನೋಡಿದಳು. ಒಂದು ತೊಟ್ಟೂ ಬರಲಿಲ್ಲ. ಮಗುವಿನ ತುಟಿಯಿಂದ ಆಗಿನ್ನೂ ಹಾಲು ಇಳಿಯುತ್ತಿತ್ತು.