ದುರುಗಿಯ ಹಗ್ಗ ಹಿಡಿದ ಮಾಂತ್ರಿಕ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೆ ಇನ್ನೂ ಹಾಲುಹಲ್ಲು ಬರದಿದ್ದ ಕಾಲದಲ್ಲಿ, ಹುರಿಪುರ ಎಂಬ ಒಂದು ರಾಜ್ಯವಿತ್ತು. ಪದುಮಲೆ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಒಂದು ದಿನ ಬಿಗಿಮುಷ್ಟಿ ಎಂಬ ಮಾಂತ್ರಿಕ ಬಂದ. ರಾಣಿಯನ್ನು ಹಗ್ಗ ಮಾಡಿ ಉಯ್ಯಾಲೆಗೆ ಕಟ್ಟಿದ, ಸಿಂಹಾಸನದ ಮೇಲೆ ತಾನೇ ಕುಳಿತ.

ಈ ಬಿಗಿಮುಷ್ಟಿಗೆ ಒಂದು ಕೆಟ್ಟ ಚಟ. ಬೇರೆಯವರಿಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಅಂದರೆ ಅವನಿಗೆ ಅನ್ನ ಇಳಿಯದು. ಅಡುಗೆಭಟ್ಟ ಸಾರಿಗೆ ಏನು ಹಾಕಿದ, ಬಾವಿಕಟ್ಟೆಯ ಹೆಂಗಸರು ಏನು ಪಿಸುಗುಟ್ಟಿದರು, ಎಲ್ಲ ಗುಟ್ಟೂ ಅವನಿಗೆ ಬೇಕು. ಗುಟ್ಟು ಸಿಕ್ಕ ಕೂಡಲೇ "ಕಂಡುಹಿಡಿದೆ!" ಅನ್ನುತ್ತಿದ್ದ. ಅಂದದ್ದೇ ತಡ, ಗುಟ್ಟು ಇಟ್ಟುಕೊಂಡಿದ್ದವರು ಹಗ್ಗವಾಗಿ ದೊಪ್ಪನೆ ನೆಲಕ್ಕೆ ಬೀಳುತ್ತಿದ್ದರು. ಅವನು ಆ ಹಗ್ಗವನ್ನು ಸುರುಳಿ ಸುತ್ತಿ ಸಭೆಯ ಗೋಡೆಗೆ ನೇತುಹಾಕುತ್ತಿದ್ದ.

ಅದೇ ರಾಜ್ಯದಲ್ಲಿ ದುರುಗಿ ಎಂಬ ಗಾರುಡಿಗಿತ್ತಿ ಇದ್ದಳು. ಊರೂರು ಸುತ್ತಿ ಹಗ್ಗದ ಮೋಡಿ ಆಡಿಸುವುದು ಅವಳ ಕಸುಬು. ಗಂಡ ಗಾಳೆಪ್ಪ ಪಕ್ಕದಲ್ಲಿ ಕೂತು ತಮಟೆ ಬಡಿಯುವವನು. ಎರಡೂ ತುದಿ ಮೇಲಕ್ಕೆ ತಿರುಚಿದ ಮೀಸೆ, ಮಾತಿಗೆ ಮುಂಚೆ ನಗು. ಒಂದು ದಿನ ದುರುಗಿಗೆ ಜ್ವರ ಬಂತೆಂದು ಗಾಳೆಪ್ಪ ಒಬ್ಬನೇ ಅರಮನೆಗೆ ಹೋಗಿ ಆಟ ತೋರಿಸಿದ. ಹೆಂಡತಿಯಷ್ಟು ಕೈಚಳಕ ಅವನಿಗೆಲ್ಲಿ ಬರಬೇಕು? ಹಗ್ಗವಾಗಿ ಗೋಡೆ ಸೇರಿದ.

ದುರುಗಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದಳು. ಆಟದ ಜೋಳಿಗೆಯನ್ನು ಹೆಗಲಿಗೇರಿಸಿ ಅರಮನೆಗೆ ನಡೆದಳು. ಬಾಗಿಲಲ್ಲಿ ಮಾತಾಡುವ ಹುಲಿಯೊಂದು ಕಾವಲಿತ್ತು.

"ಯಾಕಮ್ಮ ಬಂದೆ?"

"ನನ್ನ ಗಂಡನ್ನ ಕರಕೊಂಡು ಹೋಗೋಕೆ."

"ಬಂದವರೆಲ್ಲ ಹೀಗೇ ಹೇಳ್ತಾರೆ. ಹೊರಗೆ ಹೋದವರನ್ನ ನಾನು ನೋಡಿಲ್ಲ," ಎಂದು ಹುಲಿ ಆಕಳಿಸಿ ದಾರಿ ಬಿಟ್ಟಿತು.

ಬಿಗಿಮುಷ್ಟಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಮೂರು ಆಟ ಆಡು. ಮೊದಲನೆಯದರ ಗುಟ್ಟು ತಿಳಿದರೆ ನಿನ್ನ ಜಡೆ ಹಗ್ಗ. ಎರಡನೆಯದರ ಗುಟ್ಟು ತಿಳಿದರೆ ಎಡಗೈ ಹಗ್ಗ. ಮೂರನೆಯದೂ ತಿಳಿದರೆ ನೀನೇ ಹಗ್ಗ. ಒಂದೇ ಒಂದು ತಿಳಿಯದೆ ಹೋದರೂ ಗಂಡನನ್ನು ಕರೆದುಕೊಂಡು ಹೋಗು."

"ಆಗ್ಲಿ ಬುದ್ಧಿ. ಆದ್ರೆ ನಮ್ಮ ಆಟಕ್ಕೊಂದು ಕಟ್ಟಳೆ ಉಂಟು. ಹಗ್ಗದ ಒಂದು ತುದಿ ನನ್ನ ಕೈಲಿದ್ರೆ, ಇನ್ನೊಂದು ತುದಿ ನೋಡೋರ ಕೈಲಿರಬೇಕು."

ಮೊದಲ ಆಟಕ್ಕೆ ಅವಳು ದಳವಾಯಿಯನ್ನು ಕರೆದಳು. ಹೊಟ್ಟೆ ಮುಂದೆ, ದಳವಾಯಿ ಹಿಂದೆ. ಅವನ ಕೈಗೆ ಕತ್ತರಿ ಕೊಟ್ಟು "ಈ ಹಗ್ಗ ನಡುವೆ ಕತ್ತರಿಸಿ ಸ್ವಾಮಿ" ಅಂದಳು. ದಳವಾಯಿ ಕತ್ತರಿ ಎತ್ತಿದ. ಅದು ತೆಳುವಾದ ತೊಗಲಿನ ಕತ್ತರಿ. ಎತ್ತಿದ ಕೂಡಲೇ ಬಾಡಿದ ಬಾಳೆಎಲೆಯಂತೆ ಜೋತುಬಿತ್ತು. "ಅಯ್ಯೋ, ಯುದ್ಧಕ್ಕೂ ಇದನ್ನೇ ತಗೊಂಡು ಹೋಗ್ತೀರಾ?" ಎಂದಳು ದುರುಗಿ. ಸಭೆ ಬಿದ್ದುಬಿದ್ದು ನಕ್ಕಿತು. ಆಮೇಲೆ ನಿಜವಾದ ಕತ್ತರಿ ಕೊಟ್ಟಳು. ದಳವಾಯಿ ಕಚಕ್ಕೆಂದು ಕತ್ತರಿಸಿದ. ದುರುಗಿ ಮುಷ್ಟಿ ಸವರಿದಳು, ಹಗ್ಗ ಇಡಿಯಾಗಿ ಹೊರಬಂತು.

ಬಿಗಿಮುಷ್ಟಿ ಮಾತ್ರ ನಗಲಿಲ್ಲ. "ಕತ್ತರಿಸಿದ್ದು ಬೇರೆ ತುಂಡು. ಅದು ನಿನ್ನ ಮುಷ್ಟಿಯೊಳಗಿದೆ. ಕಂಡುಹಿಡಿದೆ!"

ದುರುಗಿಯ ಮೊಳಕಾಲುದ್ದದ ಜಡೆ ಸೆಣಬಿನ ಹಗ್ಗವಾಗಿ ಬೆನ್ನಿಗೆ ಬಡಿಯಿತು.

ಎರಡನೇ ಆಟಕ್ಕೆ ಅಡುಗೆಭಟ್ಟನನ್ನೂ ಮಂತ್ರಿಯನ್ನೂ ಕರೆದಳು. ಎರಡು ಹಗ್ಗಗಳನ್ನು ತನ್ನ ಸೊಂಟಕ್ಕೆ ಸುತ್ತಿ ತುದಿಗಳನ್ನು ಅವರಿಬ್ಬರ ಕೈಗೆ ಕೊಟ್ಟು "ಎಳೀರಿ, ಹೆಂಡ್ತಿ ಮೇಲಿನ ಸಿಟ್ಟೆಲ್ಲ ಹಾಕಿ ಎಳೀರಿ!" ಅಂದಳು. ಇಬ್ಬರೂ ಎಳೆದರು. ಹಗ್ಗ ಅವಳ ಹೊಟ್ಟೆಯನ್ನೇ ತೂರಿಕೊಂಡು ಮುಂದೆ ಬಂತು. ಮಂತ್ರಿ ಈ ಕಡೆ, ಭಟ್ಟ ಆ ಕಡೆ ಅಂಗಾತ ಬಿದ್ದರು. ಸಭೆ ಚಪ್ಪಾಳೆ ತಟ್ಟಿತು.

"ನೀನು ಬೆನ್ನ ಹಿಂದೆ ಎರಡು ಹಗ್ಗವನ್ನೂ ಒಂದು ಸಣ್ಣ ದಾರದಿಂದ ಕಟ್ಟಿದ್ದೆ. ಎಳೆದಾಗ ದಾರ ಹರಿಯಿತು. ಕಂಡುಹಿಡಿದೆ!" ಎಂದ ಬಿಗಿಮುಷ್ಟಿ.

ಅವಳ ಎಡಗೈ ಹಗ್ಗವಾಗಿ ಹೆಗಲಿಂದ ಜೋತಾಡಿತು. ಉಳಿದದ್ದು ಒಂದು ಕೈ, ಒಂದು ಆಟ. ಉಸಿರು ಸುಧಾರಿಸಿಕೊಳ್ಳಲು ಅವಳು ಜೋಳಿಗೆಯೊಳಗೆ ಸುಮ್ಮನೆ ಏನೋ ಹುಡುಕತೊಡಗಿದಳು. ಒಂದು ಹಿತ್ತಾಳೆ ಡಬ್ಬಿ ಉರುಳಿ ಸಿಂಹಾಸನದ ಬಳಿಗೆ ಹೋಯಿತು.

"ಇದರೊಳಗೆ ಯಾವ ಗುಟ್ಟು ಇಟ್ಟಿದ್ದೀಯೆ?" ಬಿಗಿಮುಷ್ಟಿ ಕಾಯಲಿಲ್ಲ, ಮುಚ್ಚಳ ತೆಗೆದೇ ಬಿಟ್ಟ. ಮಡಿಸಿಟ್ಟಿದ್ದ ಬಟ್ಟೆಯ ಹಾವು ಚಂಗನೆ ಹಾರಿ ಅವನ ಮೂಗಿಗೆ ಬಡಿಯಿತು.

"ಅಯ್ಯೋ, ನಾನೂ ಹೆದರಿಬಿಟ್ಟೆ!" ಎಂದ ಮಂತ್ರಿ.

"ನನ್ನ ಜೀವಾನೇ ಹೋಯ್ತು ಅಂದುಕೊಂಡುಬಿಟ್ಟೆ!" ಎಂದ ದಳವಾಯಿ.

ಬಿಗಿಮುಷ್ಟಿಯೂ "ಹೆದರಿಬಿ..." ಎಂದವನು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದ. ಅಷ್ಟಕ್ಕೇ ಗೋಡೆಯ ಹಗ್ಗಗಳೆಲ್ಲ ಒಮ್ಮೆ ಸರಕ್ಕನೆ ಮಿಸುಕಿದವು. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಹೆದರಿದೆ. ಅಷ್ಟೆ," ಅಂದ.

ಗಾರುಡಿಗರ ಕಣ್ಣು ಕೈ ಮೇಲಿದ್ದರೂ ಕಿವಿ ನೋಡುವವರ ಬಾಯಿ ಮೇಲಿರುತ್ತದೆ. ಬೆಳಗಿನಿಂದ ಇವನ ಮಾತು ಯಾಕೆ ಒಣಒಣ ಅನ್ನಿಸುತ್ತಿದೆ ಎಂದು ದುರುಗಿಗೆ ಈಗ ಹೊಳೆಯಿತು. ತಿಂದುಬಿಟ್ಟೆ, ಮಲಗಿಬಿಟ್ಟೆ, ಮರೆತುಬಿಟ್ಟೆ ಅನ್ನದೆ ಯಾರು ತಾನೇ ಒಂದು ದಿನ ಕಳೆದಾರು? ಇವನು ಅನ್ನುವುದಿಲ್ಲ. 'ಹಿಡಿದೆ' ಅಂದು ಜನರನ್ನು ಹಿಡಿದಿಟ್ಟವನು 'ಬಿಟ್ಟೆ' ಅಂದರೆ ಎಲ್ಲರನ್ನೂ ಬಿಟ್ಟ ಹಾಗೆ! ಹೌದೋ ಅಲ್ಲವೋ, ನೋಡಿಯೇ ತೀರಬೇಕು. ತಪ್ಪಿದರೆ ಗಂಡನ ಪಕ್ಕದ ಗೂಟ ಇದ್ದೇ ಇದೆ.

"ಬುದ್ಧಿ, ಮೂರನೇ ಆಟಕ್ಕೆ ಹಗ್ಗ ನಿಮ್ಮದೇ ಇರಲಿ. ಆಮೇಲೆ ನನ್ನ ಹಗ್ಗದಲ್ಲಿ ಮೋಸ ಐತೆ ಅನ್ನಬಾರದು ನೋಡಿ."

"ಆರಿಸಿಕೋ."

ಅವಳು ಗೋಡೆಯುದ್ದಕ್ಕೂ ನಡೆದಳು. ಒಂದು ಹಗ್ಗದ ಎರಡೂ ತುದಿ ಮೇಲಕ್ಕೆ ತಿರುಚಿಕೊಂಡಿತ್ತು. ಅವಳ ಕಣ್ಣು ತುಂಬಿತು. ಅದನ್ನೇ ಎತ್ತಿಕೊಂಡಳು.

"ನನಗಿರೋದು ಒಂದೇ ಕೈ. ಇನ್ನೊಂದು ಕೈ ತಾವೇ ಆಗಬೇಕು. ಬನ್ನಿ ಸ್ವಾಮಿ, ಈ ತುದಿ ಹಿಡೀರಿ."

ದೊರೆಯನ್ನು ಆಟಕ್ಕೆ ಕರೆಯುವುದುಂಟೆ? ಬಿಗಿಮುಷ್ಟಿ ಮಿಕಮಿಕ ನೋಡಿದ. ಅವನನ್ನು ಯಾರೂ, ಎಂದೂ, ಯಾವ ಆಟಕ್ಕೂ ಕರೆದಿರಲಿಲ್ಲ. ಚಿಕ್ಕಂದಿನಲ್ಲೂ ಕರೆದಿರಲಿಲ್ಲ. ಮೆಲ್ಲಗೆ ಎದ್ದ, ಮೆಟ್ಟಿಲಿಳಿದ, ತುದಿ ಹಿಡಿದ.

ದುರುಗಿ ಒಂದೇ ಕೈಯಲ್ಲಿ ಹಗ್ಗದ ನಡುವೆ ದಪ್ಪನೆಯ ಗಂಟು ಹಾಕಿದಳು. "ಊದಿ."

ಅವನು ಊದಿದ. ಕಂಕುಳಲ್ಲಿ ಬಚ್ಚಿಟ್ಟಿದ್ದ ತೊಗಲಿನ ಪೀಪಿಯನ್ನು ಅವಳು ಒತ್ತಿದಳು. 'ಪುರ್ರ್' ಎಂದು ಸದ್ದಾಯಿತು. ಅದು ಎಂಥ ಸದ್ದಿನ ಹಾಗೆ ಕೇಳಿಸಿತು ಎಂದು ನಾನು ಹೇಳುವುದಿಲ್ಲ.

"ಬಾಯಿಂದ ಊದಿ ಅಂದೆ ಬುದ್ಧಿ!"

ಸಭೆ ಹೊಟ್ಟೆ ಹಿಡಿದುಕೊಂಡಿತು. ಬಿಗಿಮುಷ್ಟಿಯ ತುಟಿ ನಡುಗಿತು, ಮೀಸೆ ಕುಣಿಯಿತು, ಕೊನೆಗೆ ಅವನಿಗೂ ಖೊಕ್ಕೆಂದು ನಗು ಬಂತು. ನಗುತ್ತಲೇ ಊದಿದ. ಗಂಟು ಮಾಯ.

"ಇನ್ನೊಮ್ಮೆ!" ಎಂದ. ಇನ್ನೊಮ್ಮೆ ಹಾಕಿದಳು, ಊದಿದ, ಮಾಯ. "ಇನ್ನೊಮ್ಮೆ! ಈ ಸಲ ನಾನು ಜೋರಾಗಿ ಎಳೆಯುತ್ತೇನೆ!" ಕಿರೀಟ ಜಾರಿ ಕಿವಿಯ ಮೇಲೆ ಕೂತಿತ್ತು. ಅವನಿಗೆ ಅದರ ಗೊಡವೆಯೇ ಇಲ್ಲ.

ಈಗ ದುರುಗಿ ಹೆಬ್ಬೆರಳನ್ನು ಬೇಕೆಂದೇ ನಿಧಾನವಾಗಿ ಹೊರಳಿಸಿದಳು. ಹೊಟ್ಟೆಪಾಡಿನ ಗುಟ್ಟನ್ನು ಯಾವ ಗಾರುಡಿಗಿತ್ತಿಯೂ ಹೀಗೆ ಬಿಚ್ಚಿ ತೋರಿಸಿರಲಾರಳು. ಬಿಗಿಮುಷ್ಟಿಯ ಕಣ್ಣರಳಿತು.

"ಗಂಟೇ ಹಾಕಿಲ್ಲ! ತುದಿ ಒಳಗೆ ಹೋಗೇ ಇಲ್ಲ, ಬರೀ ಸುತ್ತಿದ್ದಾಳೆ! ನೋಡಿ, ಎಲ್ಲರೂ ನೋಡಿ, ನಾನು ಕಂಡುಹಿಡಿದುಬಿಟ್ಟೆ!"

ಬಿಗಿಮುಷ್ಟಿ ನಾಲಿಗೆ ಕಚ್ಚಿಕೊಂಡ. ಕಚ್ಚಿಕೊಂಡು ಏನು ಬಂತು? ಗೋಡೆಯ ಹಗ್ಗಗಳು ಒಂದೊಂದಾಗಿ ಸುರುಳಿ ಬಿಚ್ಚಿದವು. ಮುದುಕರು, ಹೆಂಗಸರು, ಸೈನಿಕರು, ಬಾವಿಕಟ್ಟೆಯ ಸೊಸೆಯರು ಗೂಟದಿಂದ ದಬದಬ ಉದುರಿ ಸೊಂಟ ತಿಕ್ಕಿಕೊಂಡರು. ಉಯ್ಯಾಲೆಯ ಬಳಿ ರಾಣಿ ಪದುಮಲೆ ಸೆರಗು ಸರಿಮಾಡಿಕೊಳ್ಳುತ್ತ ಎದ್ದು ನಿಂತಳು. ದುರುಗಿಯ ಕೈ ಕೈಯಾಯಿತು, ಜಡೆ ಜಡೆಯಾಯಿತು. ಮತ್ತು ಬಿಗಿಮುಷ್ಟಿ ಹಿಡಿದಿದ್ದ ತುದಿ ಗಾಳೆಪ್ಪನ ಕಾಲಾಯಿತು.

"ಲೇ ಅಮ್ಮಿ," ಎಂದ ಗಾಳೆಪ್ಪ ತಲೆಕೆಳಗಾಗಿ ತೂಗಾಡುತ್ತ, "ಆಟ ಚೆನ್ನಾಗೈತೆ. ಆದ್ರೆ ಈವಯ್ಯನಿಗೆ ನನ್ನ ಕಾಲು ಬಿಡೋಕೆ ಹೇಳು."

ದುರುಗಿ ನಕ್ಕಳು, ಅತ್ತಳು, ಗಂಡನನ್ನು ಎತ್ತಿ ನಿಲ್ಲಿಸಿ ಬೆನ್ನಿಗೆ ಒಂದು ಗುದ್ದಿದಳು. "ಜ್ವರ ಬಿಡೋ ತನಕ ಕಾಯೋಕೆ ಏನಾಗಿತ್ತಯ್ಯಾ ನಿನಗೆ?"

ಮಾತು ಜಾರಿದ್ದೇ ಬಿಗಿಮುಷ್ಟಿಯ ಮಂತ್ರವೂ ಜಾರಿಹೋಗಿತ್ತು. ಜನ ಅವನನ್ನು ಕಟ್ಟಿಹಾಕಲು ಮುನ್ನುಗ್ಗಿದರು. ಅವನು ಓಡಲಿಲ್ಲ. ನೆಲ ನೋಡುತ್ತ ದುರುಗಿಯನ್ನು ಕೇಳಿದ, "ಆಟ ಮುಗಿದುಹೋಯಿತಾ?"

ಕೇಳಿದ ದನಿ ದೊರೆಯದಲ್ಲ. ದುರುಗಿಗೆ ಕರುಳು ಚುರುಕ್ಕೆಂದಿತು. ಅವಳು ರಾಣಿಗೆ ಕೈಮುಗಿದಳು. "ತಾಯಿ, ಇವರನ್ನ ನನಗೆ ಕೊಡಿ. ನಮ್ಮ ಆಟಕ್ಕೆ ಇನ್ನೊಂದು ತುದಿ ಹಿಡಿಯೋರು ಬೇಕು."

ರಾಣಿ ಪದುಮಲೆ ತನ್ನ ಸೊಂಟವನ್ನೊಮ್ಮೆ ಮುಟ್ಟಿ ನೋಡಿಕೊಂಡಳು. "ಇಷ್ಟು ದಿನ ನನ್ನ ಮೇಲೆ ಜೀಕಿದವನು. ಊರೂರಲ್ಲೂ ಜನರ ಮುಂದೆ ನಗೆಪಾಟಲಾಗಲಿ, ಕರೆದುಕೊಂಡು ಹೋಗು," ಎಂದು ತಾನೂ ನಕ್ಕಳು.

ಅಂದಿನಿಂದ ಹುರಿಪುರದ ಊರೂರಲ್ಲಿ ಮೂವರ ಆಟ. ಗಾಳೆಪ್ಪ ತಮಟೆ ಬಡಿಯುತ್ತಾನೆ, ದುರುಗಿ ಗಂಟು ಹಾಕುತ್ತಾಳೆ, ಬಿಗಿಮುಷ್ಟಿ ಕೆನ್ನೆ ಉಬ್ಬಿಸಿ ಊದುತ್ತಾನೆ. ಜನ ನಗುತ್ತಾರೆ. "ಅದರ ಗುಟ್ಟೇನು, ಹೇಳಯ್ಯಾ!" ಎಂದು ಮಕ್ಕಳು ಅವನ ಅಂಗಿ ಹಿಡಿದು ಜಗ್ಗುತ್ತಾರೆ. ಅವನಿಗೆ ಚೆನ್ನಾಗಿ ಗೊತ್ತು. ಆದರೂ ಗಂಟು ಮಾಯವಾದ ಜಾಗವನ್ನು ಕಣ್ಣರಳಿಸಿ ನೋಡಿ, "ನನಗೂ ತಿಳಿಯಲಿಲ್ಲ ಕಂದಾ," ಅನ್ನುತ್ತಾನೆ. ಅವರೆಲ್ಲ ಹಾಗೆ ನಗುನಗುತ್ತ ಬಹುಕಾಲ ಬಾಳಿದರು. ಕೇಳಿದ ನಿಮ್ಮ ಮನೆಯಲ್ಲೂ ನಗು ತುಂಬಿರಲಿ.