ಅಣ್ಣನ ಅಳತೆಯ ಕತ್ತಿ

"ಅದು ನಿಮ್ಮದಲ್ಲ. ಕೆಳಗಿಡಿ."

ಒಂದು ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಇದು! ಅದೂ 'ನೀವು' ಅಂತೆ. ಅವಳ ಮೈಯೆಲ್ಲ ಉರಿದುಹೋಯಿತು.

ಅವನು ಕತ್ತಿ ಮಾಡುವ ಅಂಗಡಿಯಲ್ಲಿ ಆ ಮಧ್ಯಾಹ್ನ ಬೇರೆ ಯಾರೂ ಇರಲಿಲ್ಲ. ಗೋಡೆಯುದ್ದಕ್ಕೂ ಎರಡು ಕೈಯಲ್ಲಿ ಹಿಡಿದು ಬೀಸುವ ಹಳೇ ಕಾಲದ ಕತ್ತಿಗಳ ನಕಲುಗಳು, ಕತ್ತಿವರಸೆಯ ಆಟಕ್ಕೆಂದೇ ಅಂಚು ಮೊಂಡು ಮಾಡಿದವು. ಅವಳು ಎತ್ತಿಕೊಂಡಿದ್ದು ಎಲ್ಲಕ್ಕಿಂತ ದೊಡ್ಡದನ್ನು. ಅವಳ ಅಣ್ಣ ಆಡುತ್ತಿದ್ದದ್ದು ಅಂಥದ್ದರಲ್ಲೇ.

"ಬರೋ ತಿಂಗಳು ಪಂದ್ಯ ಇದೆ. ಅಣ್ಣನ ಜಾಗದಲ್ಲಿ ನಾನು ಇಳೀತೀನಿ. ಇದೇ ಬೇಕು."

"ಕತ್ತಿಯ ತುದಿ ನೆಲಕ್ಕೆ ಊರಿದ್ರೆ ಹಿಡಿಯ ಮೇಲಿನ ಗುಂಡು ಕಂಕುಳಿಗೆ ಬರಬೇಕು. ನಿಮಗೆ ಮೂಗಿಗೆ ಬರ್ತಿದೆ. ಎರಡು ಸಲ ಬೀಸಿದ್ರೆ ಮಣಿಕಟ್ಟು ಹೋಗತ್ತೆ."

"ಹೋದ್ರೆ ನಿಮಗೇನು ನಷ್ಟ?"

ಕತ್ತಿ ಇಸಿದುಕೊಳ್ಳಲು ಅವನು ಕೈ ಚಾಚಿದ.

ಅಣ್ಣನ ಗೆಳೆಯ ಇವನು, ಅಭ್ಯಾಸದ ಜೋಡಿ. ಅವಳು ಮನಸ್ಸು ಕೊಟ್ಟಿದ್ದೂ ಇವನಿಗೇ. ಅಣ್ಣ ಆಡುತ್ತಾ ಆಡುತ್ತಾ ಕುಸಿದು ಬಿದ್ದು ಪ್ರಾಣ ಬಿಟ್ಟದ್ದು ಇವನ ಎದುರಿಗೆ. ಮನೆ ತುಂಬ ಜನ ಬಂದರು, ಅತ್ತರು, ಹೋದರು. ಅವಳ ಕಣ್ಣು ಬಾಗಿಲಲ್ಲೇ ಇತ್ತು. ಬರಬೇಕಾದವನು ಮಾತ್ರ ಬರಲಿಲ್ಲ.

'ಈಗಲೂ ಅಣ್ಣನ ಬಗ್ಗೆ ಒಂದು ಮಾತು ಆಡಬಾರದಾ...'

ಹಠಕ್ಕೆ ಬಿದ್ದು ಕತ್ತಿ ಬೀಸಿಯೇಬಿಟ್ಟಳು. ಕೈ ಉಳುಕಿತು, ಕತ್ತಿ ನೆಲಕ್ಕೆ ಬಿತ್ತು.

"ಚೋಟು, ನೋವಾಯ್ತಾ?"

ಓಡಿಬಂದು ಮಣಿಕಟ್ಟು ಹಿಡಿದಿದ್ದ. ಅವಳನ್ನು ಚೋಟು ಎಂದು ಕರೆಯುತ್ತಿದ್ದವನು ಅಣ್ಣ. ಅಷ್ಟು ಹೊತ್ತು ತಡೆದಿದ್ದ ಅಳು ಒಮ್ಮೆಗೇ ಬಂತು.

ಅವನು ಒಳಗೆ ಹೋಗಿ ಬಟ್ಟೆ ಸುತ್ತಿದ ಇನ್ನೊಂದು ಕತ್ತಿ ತಂದ. ಹಿಡಿ ಇನ್ನೂ ಬರೀ ಮರ.

"ನಿನ್ನಣ್ಣ ನಿನಗೇ ಅಂತ ಹೇಳಿ ಮಾಡಿಸಿದ್ದು. 'ಅವಳು ನನ್ನ ಭುಜಕ್ಕೆ ಬರ್ತಾಳೆ, ಆ ಲೆಕ್ಕದಲ್ಲಿ ಮಾಡು' ಅಂದಿದ್ದ. ಹಿಡಿಗೆ ಚರ್ಮ ಸುತ್ತೋಕೆ ನಿನ್ನ ಕೈ ಅಳತೆ ಬೇಕಿತ್ತು."

"ಬಂದು ಕೇಳಬಹುದಿತ್ತಲ್ಲ?"

"ನಿಮ್ಮ ಮನೆ ಗೇಟಿನ ತನಕ ಆರು ಸಲ ಬಂದೆ. ಯಾವ ಮುಖ ಇಟ್ಕೊಂಡು ಒಳಗೆ ಬರಲಿ? ಆವತ್ತು ಸಾಕು ಅಂದವನನ್ನ ಇನ್ನೊಂದು ಸುತ್ತು ಆಡೋಣ ಅಂತ ಎಬ್ಬಿಸಿದ್ದು ನಾನೇ..."

"ಅವನ ಹೃದಯ ಮೊದಲೇ ಸೋತಿತ್ತಂತೆ. ಡಾಕ್ಟರ್ ಆವತ್ತೇ ಹೇಳಿದ್ರು. ಅಣ್ಣ ನಮ್ಮೆಲ್ಲರಿಂದ ಮುಚ್ಚಿಟ್ಟಿದ್ದ. ಅಮ್ಮ ಈಗಲೂ ಕೇಳ್ತಾರೆ, ಆ ಹುಡುಗ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನೋ ಇಲ್ಲವೋ ಅಂತ." ಅವಳು ಕಣ್ಣೊರೆಸಿಕೊಂಡಳು. "ಅಣ್ಣ ಹೋದ. ಅವನ ಜೊತೆ ನೀನೂ ಹೋದೆ. ನನಗೆ ಸಿಟ್ಟಿರೋದು ಅದಕ್ಕೆ."

"ನಿನ್ನ ಬಿಟ್ಟು ನಾನೂ ಬದುಕಿದ ಹಾಗಿರಲಿಲ್ಲ, ಚೋಟು."

ಕತ್ತಿಯನ್ನು ಅವಳ ಪಕ್ಕ ಊರಿದ. ಗುಂಡು ಕಂಕುಳಿಗೆ ಬಂದು ನಿಂತಿತು. ಅಣ್ಣನ ಲೆಕ್ಕ ಒಂದು ಬೆರಳೂ ತಪ್ಪಿರಲಿಲ್ಲ. ಅವಳ ಅಂಗೈಗೆ ದಾರ ಹಿಡಿದು ಅಳೆದು, ಅಳತೆಗೆ ಗಂಟು ಹಾಕಿಕೊಂಡ.

"ಚರ್ಮ ಒಣಗೋಕೆ ಎರಡು ದಿನ ಬೇಕು. ಬಂದು ತಗೊಂಡು ಹೋಗ್ತೀಯಾ?"

"ಇಲ್ಲ. ನೀನೇ ತಂದುಕೊಡು. ಗೇಟು ದಾಟಿ."

ಅವನು ದಾರವನ್ನು ಮಡಚಿ ಜೇಬಿಗಿಟ್ಟುಕೊಂಡ.

"ಬರ್ತೀನಿ."

"ಊಟದ ಹೊತ್ತಿಗೆ ಬಾ. ಅಮ್ಮನಿಗೆ ಹೇಳಿರ್ತೀನಿ."