ಸುಟ್ಟ ಎಳೆಯ ವಾಸನೆ

"ಆ ಮೇಲಿನ ಥಾನು ಮಾರಾಟಕ್ಕಲ್ಲ. ಅದರ ಕಡೆ ನೋಡಲೂ ಬೇಡ, ತಾಯಿ," ಎಂದಳು ಅಂಗಡಿಯ ಮುದುಕಿ.

ಮಾರಾಟಕ್ಕಲ್ಲದ ಬಟ್ಟೆಗೆ ಅಂಗಡಿಯಲ್ಲಿ ಏನು ಕೆಲಸ? ಟೈಲರಕ್ಕನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಕೈ ಅವಳದು. ಬಟ್ಟೆ ಅಂಗಡಿಯವರ ಆಟಗಳೆಲ್ಲ ಗೊತ್ತಿದ್ದವು. ಬೇಡ ಬೇಡ ಅನ್ನುತ್ತಲೇ ಆಸೆ ಹುಟ್ಟಿಸುವುದೂ ಅದರಲ್ಲೊಂದು. ಈ ಬೀದಿಗೆ ಬಂದು ನಾಲ್ಕೇ ತಿಂಗಳಾಗಿತ್ತು. ಹೊಸಬಳು ಅಂತ ಮುದುಕಿ ತನ್ನ ಮೇಲೇ ಪ್ರಯೋಗ ಮಾಡ್ತಿದ್ದಾಳೆ ಅಂದುಕೊಂಡಳು.

"ಯಾಕಜ್ಜಿ, ದೆವ್ವ ಗಿವ್ವ ಹೊಕ್ಕಿದೆಯಾ ಅದರೊಳಗೆ?"

ಮುದುಕಿ ನಗಲಿಲ್ಲ. ತಲೆಗೆ ಬಿಗಿದಿದ್ದ ಕಪ್ಪು ವಸ್ತ್ರವನ್ನು ಹಣೆಯವರೆಗೂ ಎಳೆದುಕೊಂಡಳು. "ಅದಕ್ಕೆ ಅಳತೆ ಕೊಟ್ಟವರು ಉಳಿಯಲ್ಲ. ಅಷ್ಟೇ ಹೇಳ್ತೀನಿ. ಬೇರೆ ತೋರಿಸ್ತೀನಿ, ಇರು," ಎಂದು ಒಳಕೋಣೆಗೆ ಹೋದಳು.

ಬೇರೆ ಬಟ್ಟೆ ನೋಡಿ ನೋಡಿ ಟೈಲರಕ್ಕನಿಗೆ ಸಾಕಾಗಿಹೋಗಿತ್ತು. ತಂಗಿಯ ಮದುವೆಗೆ ಉಳಿದಿದ್ದು ಹತ್ತೊಂಬತ್ತು ದಿನ. ಆರು ಅಂಗಡಿ ಸುತ್ತಿದ್ದರು. ತಂಗಿ ದುಂಡಗಿದ್ದಳು, ಅದಕ್ಕೇ ಮನೆಯಲ್ಲಿ ಅವಳ ಹೆಸರು ಗುಂಡಿ. ಅವಳ ಮೈಗೆ ಯಾವ ಬಟ್ಟೆಯೂ ಸರಿಯಾಗಿ ಕೂರುತ್ತಿರಲಿಲ್ಲ. ನೆಟ್ ಸೆಟೆದು ನಿಲ್ಲುತ್ತಿತ್ತು. ಕ್ರೇಪ್ ಎಲ್ಲಿ ಬೇಡವೋ ಅಲ್ಲೇ ಅಂಟುತ್ತಿತ್ತು. ಸ್ಯಾಟಿನ್ ಹೊದಿಸಿದಾಗ ಗುಂಡಿಯೇ ಕನ್ನಡಿ ನೋಡಿಕೊಂಡು, "ಅಕ್ಕಾ, ಥೇಟ್ ತಿಕ್ಕಿ ತೊಳೆದ ಹಂಡೆ ಕಣೇ ನಾನು!" ಎಂದು ಬಿದ್ದು ಬಿದ್ದು ನಕ್ಕಿದ್ದಳು. ನಗುವಾಗ ಅವಳ ಕಣ್ಣಂಚು ಒದ್ದೆಯಾದದ್ದನ್ನು ಅಕ್ಕ ನೋಡಿದ್ದಳು.

ಅಮ್ಮ ಹೋದಾಗ ಗುಂಡಿಗೆ ಐದು ವರ್ಷ. ಅಂದಿನಿಂದ ಅವಳು ತೊಟ್ಟಿದ್ದೆಲ್ಲ ಅಕ್ಕನ ಹೊಲಿಗೆಯೇ. ಮೆಷಿನ್ ಕೆಳಗೆ ಕೂತು ಆಡುತ್ತಾ ಬೆರಳಿಗೆ ಸೂಜಿ ಚುಚ್ಚಿಕೊಂಡರೆ, ಅಕ್ಕ ಆ ಬೆರಳು ಹಿಡಿದು ಉಫ್ ಉಫ್ ಎಂದು ಊದುತ್ತಾ, "ನೋವಾಯ್ತಾ ಬಂಗಾರ?" ಎನ್ನುತ್ತಿದ್ದಳು. ನೂರಾರು ಮದುವಣಗಿತ್ತಿಯರಿಗೆ ಹೊಲಿದುಕೊಟ್ಟ ಅಕ್ಕನಿಗೆ ಸ್ವಂತ ಮದುವೆ ಕೂಡಿಬರಲೇ ಇಲ್ಲ. ತಂಗಿಯ ಉಡುಪಾದರೂ ಜನ ಬಾಯಿ ಬಿಟ್ಟು ನೋಡುವಂತಿರಬೇಕು ಅನ್ನುವುದೊಂದೇ ಅವಳ ಹಟ.

ಮುದುಕಿ ಒಳಗೆ ಹೋದದ್ದೇ ತಡ, ಟೈಲರಕ್ಕ ಸ್ಟೂಲ್ ಹತ್ತಿ ಆ ಥಾನನ್ನು ಕೆಳಗಿಳಿಸಿದಳು.

ಹಾಲಿನ ಕೆನೆಯ ಬಣ್ಣ. ಮುಟ್ಟಿದರೆ ಬೆಚ್ಚಗಿತ್ತು. ಪಕ್ಕದಲ್ಲೇ ನಿಂತಿದ್ದ ಗುಂಡಿಯ ಹೆಗಲಿಗೆ ಹಾಕಿದ್ದೇ ತಡ, ಅದು ಮೈಯುದ್ದಕ್ಕೂ ಹರಿದು ಪಾದದವರೆಗೆ ಇಳಿಯಿತು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಉಬ್ಬಿಲ್ಲ. ಗುಂಡಿ ಉಸಿರು ಬಿಗಿಹಿಡಿದು ಕನ್ನಡಿ ನೋಡಿದಳು. "ಅಕ್ಕಾ... ಇದು ನಾನಾ?"

ಅಂಚಿನಿಂದ ಒಂದು ಎಳೆ ಎಳೆದು ಟೈಲರಕ್ಕ ಕಡ್ಡಿ ಗೀರಿದಳು. ಬಟ್ಟೆಯ ಜಾತಕ ಬೆಂಕಿಯಲ್ಲಿ ತಿಳಿಯುತ್ತದೆ. ನಕಲಿಯಾದರೆ ಕರಗಿ ಅಂಟಾಗುತ್ತದೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಎಳೆ ಚುರ್ರೆಂದು ಮುದುಡಿತು. ಮೂಗಿಗೆ ಘಾಟು ಅಡರಿತು. ಟೈಲರಕ್ಕ ಕಣ್ಣು ಮುಚ್ಚಿ ಮೂಸಿದಳು.

"ಕೂದಲು ಸುಟ್ಟ ವಾಸನೆ. ಅಪ್ಪಟ ರೇಷ್ಮೆ ಕಣೇ!"

"ಅಜ್ಜಿ ಬೇಡ ಅಂದ್ರಲ್ಲ ಅಕ್ಕಾ?"

"ಅಜ್ಜಿಗೇನು ಮದುವೆನಾ? ಸುಮ್ನಿರು."

ಕತ್ತರಿ ಅವಳ ಕೈಚೀಲದಲ್ಲೇ ಇತ್ತು. ಆರು ಮೀಟರ್ ಅಳೆದು ಕತ್ತರಿಸಿದಳು. ದುಡ್ಡು ಕಟ್ಟೆಯ ಮೇಲಿಟ್ಟಳು. ತಂಗಿಯ ಕೈ ಹಿಡಿದು ಬೀದಿಗಿಳಿಯುವಷ್ಟರಲ್ಲಿ ಹಿಂದೆ ಧಬಧಬನೆ ಥಾನುಗಳು ಬಿದ್ದ ಸದ್ದು.

"ಅಯ್ಯೋ ತಾಯಿ! ಅಳತೆಗೆ ಕತ್ತರಿಸಬೇಡ! ವಾಪಸ್ ತಾ!"

ಅಕ್ಕತಂಗಿಯರು ಶಾಲೆ ತಪ್ಪಿಸಿಕೊಂಡ ಮಕ್ಕಳ ಹಾಗೆ ನಗುತ್ತಾ ಓಡಿದರು.

ಅಂದೇ ಅಳತೆ ಪುಸ್ತಕದಲ್ಲಿ ಬರೆದಳು: ಸೊಂಟ ನಲವತ್ತು. ಅಂದೇ ಕತ್ತರಿಸಿದಳು. ಮೊದಲ ಹೊಲಿಗೆ ಬಿದ್ದಾಗ ಮೆಷಿನ್ನಿನ ಟಕಟಕದ ಕೆಳಗೆ ಇನ್ನೊಂದು ಸದ್ದು ಕೇಳಿದಂತಾಯಿತು. ಲಟಕ್... ಲಟಕ್. ಎಲ್ಲೋ ದೂರದಲ್ಲಿ ಮಗ್ಗ ನಡೆದ ಹಾಗೆ. ಕಾಲು ತೆಗೆದಳು. ಮೆಷಿನ್ ನಿಂತಿತು. ಆ ಸದ್ದು ಎರಡು ಸಲ ಬಡಿದು ಆಮೇಲೆ ನಿಂತಿತು. ಎಣ್ಣೆ ಬಿಟ್ಟು ಬಹಳ ದಿನವಾಯಿತು ಅಂದುಕೊಂಡು ಎಣ್ಣೆ ಬಿಟ್ಟಳು.

ನಾಲ್ಕನೇ ದಿನ ತೊಡಿಸಿ ನೋಡಿದರೆ ಸೊಂಟ ಸಡಿಲ. ಟೇಪ್ ಹಿಡಿದಳು. ಮೂವತ್ತೇಳು.

"ಊಟ ಬಿಟ್ಟಿದೀಯೇನೇ?"

"ಬಿಡೋದಾ? ನಿನ್ನ ಪಾಲಿನದೂ ತಿಂತಿದೀನಿ," ಎಂದಳು ಗುಂಡಿ ಖುಷಿಯಿಂದ.

ಚಿಕ್ಕಮ್ಮ ಬಂದವಳು ಗುಂಡಿಯ ಗಲ್ಲ ಹಿಡಿದು, "ಮದುವೆ ಕಳೆ ಅಂದ್ರೆ ಇದು ನೋಡು! ದೃಷ್ಟಿ ಆಗೋ ಹಾಗಿದೀಯ," ಎಂದಳು. ಎದುರುಮನೆಯವರು ಯಾವ ವ್ಯಾಯಾಮ ಅಂತ ಕೇಳಿದರು. ಹುಟ್ಟಿದಾಗಿನಿಂದ ಗೇಲಿ ಕೇಳಿದ್ದ ಹುಡುಗಿ ಮೊದಲ ಸಲ ಹೊಗಳಿಕೆ ಕೇಳಿ ಅರಳಿದಳು. ಅಕ್ಕನಿಗೂ ಹಿಗ್ಗು. ಹೊಲಿಗೆ ಬಿಚ್ಚಿ ಒಳಗೆ ಹಿಡಿದಳು. ಪುಸ್ತಕದಲ್ಲಿ ಹಳೆಯ ಅಳತೆ ಹೊಡೆದು ಹೊಸದು ಬರೆದಳು.

ಏಳನೇ ದಿನ ಮೂವತ್ತೆರಡು. ಹತ್ತನೇ ದಿನ ಇಪ್ಪತ್ತೇಳು.

ಈಗ ಯಾರೂ ಹೊಗಳುತ್ತಿರಲಿಲ್ಲ. ಗುಂಡಿಯ ಕಣ್ಣು ಗುಳಿಬಿದ್ದಿತ್ತು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಏನೂ ಇಲ್ಲ, ಮದುವೆಯ ಗಾಬರಿ ಇರಬೇಕು ಅಂದರು. ಮದುವೆ ಗಂಡು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದ. ಮೊದಲೆಲ್ಲ ಮಾತಿಗೆ ಬಿಡುವೇ ಕೊಡದ ಗುಂಡಿಗೆ ಈಗ ಫೋನ್ ಹಿಡಿದುಕೊಳ್ಳುವ ಶಕ್ತಿಯೂ ಇರಲಿಲ್ಲ.

ಹನ್ನೆರಡನೇ ದಿನದ ಮಧ್ಯಾಹ್ನ ಉಡುಪನ್ನು ಮೇಜಿನ ಮೇಲೆ ಹರಡಿದಾಗ ಟೈಲರಕ್ಕನ ಕೈ ನಿಂತಿತು. ಪಾದಕ್ಕೆ ಸರಿಯಾಗಿ ಮಡಿಸಿ ಹೊಲಿದಿದ್ದ ಅಂಚು ನೆಲಕ್ಕೆ ತಾಗುತ್ತಿತ್ತು. ಒಂದು ಮೊಳವಾದರೂ ಉದ್ದವಾಗಿತ್ತು. ಚೂರುಗಳ ಬುಟ್ಟಿ ಎಳೆದಳು. ಅಂಗೈಯಗಲದ ಚೂರುಗಳನ್ನಷ್ಟೇ ಹಾಕಿದ್ದಳು. ಈಗ ಬುಟ್ಟಿ ತುಂಬಿ ಹೊರಚೆಲ್ಲಿತ್ತು.

ಎಲ್ಲ ಅಳೆದಳು. ಮತ್ತೆ ಅಳೆದಳು. ತಂದದ್ದು ಆರು ಮೀಟರ್. ಇದ್ದದ್ದು ಒಂಬತ್ತು.

ಒಂದು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೆನೆ ಬಣ್ಣದ ನೇಯ್ಗೆಯ ನಡುವೆ ಒಂದು ಕಪ್ಪು ಎಳೆ. ಆಮೇಲೆ ಇನ್ನೊಂದು. ಉಗುರಿನಿಂದ ಮೀಟಿ ಎಳೆದಳು.

"ಅಮ್ಮಾ!" ಪಕ್ಕದ ಕೋಣೆಯಲ್ಲಿ ಗುಂಡಿ ಚೀರಿದಳು.

ಇರಲಾರದು. ಇನ್ನೊಂದು ಎಳೆ ಎಳೆದಳು. ಇನ್ನೊಂದು ಚೀತ್ಕಾರ. ಹುಚ್ಚು ಹಿಡಿದವಳಂತೆ ಕಡ್ಡಿ ಗೀರಿ ಆ ಚೂರಿಗೆ ಹಿಡಿದಳು. ಚುರ್ರೆಂದಿತು. ಅದೇ ಘಾಟು. ಆದರೆ ಈ ಸಲ ವಾಸನೆ ಕೈಯಿಂದ ಮಾತ್ರ ಬರಲಿಲ್ಲ, ಪಕ್ಕದ ಕೋಣೆಯಿಂದಲೂ ಬಂತು. ಬೆಂಕಿ ತುಳಿದು ಆರಿಸಿ ಓಡಿದಳು. ಗುಂಡಿ ತಲೆ ಹಿಡಿದುಕೊಂಡು ಹಾಸಿಗೆಯ ಮೇಲೆ ಒದ್ದಾಡುತ್ತಿದ್ದಳು. ಜಡೆಯ ತುದಿಯಿಂದ ಹೊಗೆ ಏಳುತ್ತಿತ್ತು.

ಟೈಲರಕ್ಕ ಅಂಗಡಿಗೆ ಓಡಿದಾಗ ಮುದುಕಿ ಅವಳನ್ನೇ ಕಾಯುತ್ತಿದ್ದವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಬೈಯಲಿಲ್ಲ.

"ಎಷ್ಟಕ್ಕೆ ಬಂದಿದೆ ಸೊಂಟ?"

"ಇಪ್ಪತ್ತೆರಡು," ಎಂದು ಟೈಲರಕ್ಕ ಕುಸಿದು ಕೂತಳು. "ತಪ್ಪಾಯ್ತಜ್ಜಿ. ನಿಮ್ಮ ಕಾಲು ಹಿಡೀತೀನಿ. ನನ್ನ ಮಗು ಅದು."

ಮುದುಕಿ ತಲೆಯ ಕಪ್ಪು ವಸ್ತ್ರ ಬಿಚ್ಚಿದಳು. ಅಲ್ಲಿ ಒಂದೇ ಒಂದು ಕೂದಲಿರಲಿಲ್ಲ.

"ನನ್ನ ಮದುವೆಗೆ ಉಡುಗೊರೆ ಬಂದ ಬಟ್ಟೆ ಇದು. ಕಳಿಸಿದವಳು ಒಬ್ಬ ನೇಯುವ ಹುಡುಗಿ. ನಾನು ಮದುವೆಯಾಗಬೇಕಿದ್ದವನು ಅವಳಿಗೆ ಮಾತು ಕೊಟ್ಟಿದ್ದನಂತೆ. ನನಗೇನು ಗೊತ್ತು? ಹದಿನೈದೇ ದಿನದಲ್ಲಿ ಅವಳ ತಲೆ ಬೆಳ್ಳಗಾಯ್ತಂತೆ. ಆ ಕೂದಲನ್ನೇ ಕಿತ್ತು ಕಿತ್ತು ಮಗ್ಗಕ್ಕೆ ಹಾಕಿದಳು. ಯಾರ ಹತ್ತಿರವೋ ಮಾಟ ಮಾಡಿಸಿದಳು ಅಂತ ಜನ ಅಂದರು. ಮಾಡಿಸಿದ್ದಲ್ಲ ತಾಯಿ. ತಾನೇ ನೇಯ್ದಳು."

"ನೀವು ಉಳಿದಿದೀರಲ್ಲ! ಹೇಗೆ? ಹೇಳಿ, ಹೇಗೆ?"

ಮುದುಕಿ ಬಿಚ್ಚಿದ ವಸ್ತ್ರವನ್ನು ಮೆಲ್ಲಗೆ ಮಡಿಸಿದಳು.

"ಯಾರ ಅಳತೆಗೆ ಕತ್ತರಿಸಿದ್ದೋ ಅವರನ್ನ ಅದು ತಿನ್ನುತ್ತೆ. ಇನ್ನೊಬ್ಬರ ಅಳತೆಗೆ ಬದಲಾದರೆ ಅವರನ್ನ ಬಿಡುತ್ತೆ. ನಮ್ಮಮ್ಮ ಹೊಲಿಗೆಯೆಲ್ಲ ಬಿಚ್ಚಿ, ತನ್ನ ಅಳತೆಗೆ ಹೊಲಿದು, ತಾನು ತೊಟ್ಟಳು."

"ಆಮೇಲೆ?"

ಮುದುಕಿ ಅಟ್ಟದ ಮೇಲಿನ ಥಾನಿನ ಕಡೆ ಕೈ ತೋರಿದಳು. "ಯಾಕೆ ಸುಟ್ಟು ಹಾಕಲಿಲ್ಲ ಅಂತ ಕೇಳ್ತೀಯ? ಅವತ್ತು ಒಂದು ಎಳೆ ಸುಟ್ಟು ಮೂಸಿದೆಯಲ್ಲ, ಅದು ನಮ್ಮಮ್ಮ."

ಟೈಲರಕ್ಕ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಗುಂಡಿ ಮಲಗಿದ್ದಳು. ಹೊದಿಕೆಯ ಕೆಳಗೆ ಯಾರಾದರೂ ಇದ್ದಾರೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದಳು. ಅಕ್ಕ ಅವಳ ಹಣೆ ಮುಟ್ಟಿ, ಅಲ್ಲೇ ಒಂದು ನಿಮಿಷ ಕೂತಳು. ಹೆದರಿಕೆಯಾಗುತ್ತಿತ್ತು. ಬಹಳ ಹೆದರಿಕೆಯಾಗುತ್ತಿತ್ತು.

ಆಮೇಲೆ ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಟೇಪನ್ನು ತನ್ನ ಸೊಂಟಕ್ಕೇ ಸುತ್ತಿದಳು. ಪುಸ್ತಕದಲ್ಲಿ ತಂಗಿಯ ಹೆಸರು ಹೊಡೆದು ಬರೆದಳು: ನಾನು. ಸೊಂಟ ಇಪ್ಪತ್ತೊಂಬತ್ತು.

ಹೊಲಿಗೆ ಬಿಚ್ಚಿದಳು. ಕತ್ತರಿಸಿದಳು. ಮೆಷಿನ್ ತುಳಿದಳು. ಲಟಕ್, ಲಟಕ್. ಈಗ ಆ ಸದ್ದು ದೂರದಲ್ಲಿರಲಿಲ್ಲ. ಬೆನ್ನ ಹಿಂದೆಯೇ ಇತ್ತು. ತಿರುಗಲಿಲ್ಲ. ತಿರುಗಿದರೆ ಕೈ ನಿಲ್ಲುತ್ತದೆ. ಒಂದು ತೋಳು. ಇನ್ನೊಂದು ತೋಳು. ಲಟಕ್. ಕತ್ತಿನ ಮೇಲೆ ಉಸಿರು. ಸುಟ್ಟ ಕೂದಲ ಘಾಟು. ಕೊನೆಯ ಹೊಲಿಗೆ. ದಾರವನ್ನು ಹಲ್ಲಿನಿಂದ ಕಡಿದಳು. ತೊಟ್ಟಳು.

ಕನ್ನಡಿಯಲ್ಲಿ ಒಬ್ಬ ಮದುಮಗಳು ನಿಂತಿದ್ದಳು. ಎಲ್ಲೂ ಸುಕ್ಕಿಲ್ಲ, ಎಲ್ಲೂ ಉಬ್ಬಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ತನಗಾಗಿ ಹೊಲಿದದ್ದು ಅದೊಂದೇ. ಚೆನ್ನಾಗಿ ಕಾಣ್ತಿದೀನಿ ಅನ್ನಿಸಿತು. ಅಷ್ಟರಲ್ಲಿ ಬಟ್ಟೆ ಮೆಲ್ಲಗೆ ಬಿಗಿಯಿತು. ಪಕ್ಕೆಗೆ. ಎದೆಗೆ. ಗಂಟಲಿಗೆ.

"ಅಕ್ಕಾ, ಹಸಿವು!" ಒಳಗಿನಿಂದ ಗುಂಡಿಯ ದನಿ ಕೇಳಿತು. ಎಷ್ಟೋ ದಿನದ ಮೇಲೆ ಗಟ್ಟಿಯಾದ ದನಿ.

ಲಟಕ್, ಎಂದಿತು ಕೋಣೆ.

ಗುಂಡಿ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತಳ್ಳಿದಾಗ ಅಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆ ಟೇಪ್ ಬಿದ್ದಿತ್ತು. ಕನ್ನಡಿಯ ಮುಂದೆ ಉಡುಪು ಕುಸಿದು ಕೂತಿತ್ತು. ಅದರ ಬಟ್ಟೆ ಕೋಣೆಯನ್ನೆಲ್ಲ ತುಂಬಿ ಅವಳ ಪಾದದವರೆಗೂ ಬಂದಿತ್ತು. ಬಾಗಿ ಮುಟ್ಟಿದಳು. ಬೆಚ್ಚಗಿತ್ತು.

ಮದುವೆಯನ್ನು ಮುಂದಕ್ಕೆ ಹಾಕಿದರು. ಅಕ್ಕನನ್ನು ಹುಡುಕಿಸಿದರು, ಎಲ್ಲೂ ಸಿಗಲಿಲ್ಲ. ಅಂಗಡಿಯ ಮುದುಕಿಯೇ ಬಂದು ಗುಂಡಿಯನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಗುಂಡಿ ನಂಬಲಿಲ್ಲ. ಅವಳ ಮೈ ಮತ್ತೆ ದುಂಡಗಾಯಿತು, ತಲೆಯಲ್ಲಿ ಮಾತ್ರ ಉಳಿದಿದ್ದ ಕೂದಲೂ ಉದುರಿ ಮತ್ತೆ ಹುಟ್ಟಲಿಲ್ಲ. ಮುಂದಿನ ವರ್ಷ ತಲೆಗೆ ವಸ್ತ್ರ ಕಟ್ಟಿಕೊಂಡು, ಅಂಗಡಿಯಿಂದ ತಂದ ಸಾದಾ ಹತ್ತಿಯ ಉಡುಪಿನಲ್ಲಿ ಮದುವೆಯಾದಳು. ಸೊಂಟದ ಹತ್ತಿರ ಅದು ಸರಿಯಾಗಿ ಕೂತಿರಲಿಲ್ಲ.

ಮದುವೆಯ ಮರುದಿನ ಬೆಳಿಗ್ಗೆ ಅವಳು ಅಕ್ಕನ ಕೋಣೆಯ ಬೀಗ ತೆಗೆದಳು. ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಈ ದರಿದ್ರವನ್ನು ಸುಟ್ಟು ಬೂದಿ ಮಾಡಿಯೇ ಹೋಗುತ್ತೇನೆ ಅಂದುಕೊಂಡೇ ಬಂದಿದ್ದಳು. ಮೊದಲು ಅಕ್ಕ ಮಾಡುತ್ತಿದ್ದ ಹಾಗೆ ಅಂಚಿನಿಂದ ಒಂದು ಎಳೆಯನ್ನು ಅರ್ಧ ಎಳೆದಳು. ಕಪ್ಪು ಎಳೆ, ನಡುವೆ ಒಂದಿಷ್ಟು ನರೆ. ಕಡ್ಡಿ ಗೀರಿ ತುದಿಗೆ ಹಿಡಿದಳು.

ಚುರ್ರೆಂದಿತು. ಕೂದಲು ಸುಟ್ಟ ವಾಸನೆ. ಅದರ ಕೆಳಗೆ ಮೆಷಿನ್ ಎಣ್ಣೆಯ ವಾಸನೆ, ಗುರುತು ಹಾಕುವ ಸೀಮೆಸುಣ್ಣದ ವಾಸನೆ, ಅಕ್ಕನ ಸೋಪಿನ ವಾಸನೆ.

ಬಟ್ಟೆ ಸರ್ರನೆ ಮುದುಡಿಕೊಂಡಿತು.

ಗುಂಡಿ ಕಡ್ಡಿ ಎಸೆದಳು. ಆ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಉಫ್ ಉಫ್ ಎಂದು ಊದತೊಡಗಿದಳು.

"ನೋವಾಯ್ತಾ?" ಎಂದು ಕೇಳಿದಳು. "ನೋವಾಯ್ತಾ ಅಕ್ಕಾ?"